ಹೊಸ ಊರಿನ ಕಸದ ನಿಯಮಗಳನ್ನು ಮೊದಲ ವಾರದಲ್ಲೇ ತಿಳಿಯುವುದು

ಹೊಸ ನಗರಕ್ಕೆ ಬಂದು ಮನೆ ಮಾಡುವವರು ನೀರು, ವಿದ್ಯುತ್ತು, ಮಕ್ಕಳ ಶಾಲೆ ಇವುಗಳ ಬಗ್ಗೆ ಬರುವ ಮೊದಲೇ ವಿಚಾರಿಸಿರುತ್ತಾರೆ. ಕಸದ ವಿಚಾರ ಮಾತ್ರ ಬುಟ್ಟಿ ತುಂಬಿದ ಮೇಲೆ ನೆನಪಾಗುತ್ತದೆ. ಆಗ ಕೇಳುವುದಕ್ಕೆ ವ್ಯವಧಾನವಿರುವುದಿಲ್ಲವಾದ್ದರಿಂದ ಹಿಂದಿನ ಊರಿನಲ್ಲಿ ರೂಢಿಯಾಗಿದ್ದ ಕ್ರಮವೇ ಇಲ್ಲಿಯೂ ಮುಂದುವರಿಯುತ್ತದೆ. ತ್ಯಾಜ್ಯ ವಿಂಗಡಣೆಯ ಕೆಲಸದಲ್ಲಿರುವ ನಾನು ಕಂಡಂತೆ, ಶ್ರದ್ಧೆಯಿಂದ ಕಸ ಬೇರ್ಪಡಿಸುವ ಮನೆಗಳಿಂದಲೂ ತಪ್ಪು ವಸ್ತುಗಳು ಬರುವುದಕ್ಕೆ ಅಸಡ್ಡೆಗಿಂತ ಈ ರೂಢಿಯೇ ಹೆಚ್ಚು ಕಾರಣ.

ಕಸದ ನಿಯಮಗಳು ಊರಿನಿಂದ ಊರಿಗೆ ಬದಲಾಗುವುದು ಅಧಿಕಾರಿಗಳ ಇಷ್ಟಾನಿಷ್ಟದಿಂದಲ್ಲ. ಮನೆಯ ಬಾಗಿಲಿನಿಂದ ಹೊರಟ ಕಸ ಕೊನೆಗೆ ಎಲ್ಲಿಗೆ ಹೋಗುತ್ತದೆ, ಅಲ್ಲಿ ಯಾವ ಯಂತ್ರವಿದೆ, ಅಲ್ಲಿಂದ ಅದನ್ನು ಕೊಳ್ಳುವವರು ಯಾರಿದ್ದಾರೆ ಎಂಬುದರ ಮೇಲೆ ಆ ನಿಯಮಗಳು ರೂಪುಗೊಳ್ಳುತ್ತವೆ. ಒಣಗಿದ ಎಲೆ ಮತ್ತು ಸಣ್ಣ ರೆಂಬೆಗಳನ್ನೇ ನೋಡಿ. ಹಸಿ ಕಸವನ್ನು ಗೊಬ್ಬರ ಮಾಡುವ ಊರಿನಲ್ಲಿ ಅವು ಬೇಕೇ ಬೇಕು, ಏಕೆಂದರೆ ಗೊಬ್ಬರದ ರಾಶಿಯಲ್ಲಿ ಇಂಗಾಲ ಮತ್ತು ಸಾರಜನಕದ ಪ್ರಮಾಣ ಸುಮಾರು 30ಕ್ಕೆ 1ರಂತೆ ಇದ್ದಾಗ ಸೂಕ್ಷ್ಮಜೀವಿಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಅಡುಗೆಮನೆಯ ತ್ಯಾಜ್ಯದಲ್ಲಿ ಕೊರತೆಯಾಗುವ ಇಂಗಾಲವನ್ನು ಒಣ ಎಲೆಗಳು ಒದಗಿಸುತ್ತವೆ. ಅದೇ ಹಸಿ ಕಸವನ್ನು ಜೈವಿಕ ಅನಿಲ ಘಟಕಕ್ಕೆ ಕಳುಹಿಸುವ ಊರಿನಲ್ಲಿ ಈ ಎಲೆ, ರೆಂಬೆಗಳು ತೊಂದರೆ ಕೊಡುತ್ತವೆ. ಅವುಗಳಲ್ಲಿರುವ ಲಿಗ್ನಿನ್ ಎಂಬ ಅಂಶ ಗಾಳಿಯಿಲ್ಲದ ತೊಟ್ಟಿಯಲ್ಲಿ ಬಹುಮಟ್ಟಿಗೆ ಕರಗುವುದಿಲ್ಲ. ಅನಿಲವನ್ನೂ ಕೊಡದೆ ತೊಟ್ಟಿಯ ಜಾಗವನ್ನು ಆಕ್ರಮಿಸುತ್ತದೆ. ಒಂದು ಊರಿನಲ್ಲಿ ಹಸಿ ಕಸದ ಬುಟ್ಟಿಗೇ ಹಾಕಿ ಎಂದವರು ಇನ್ನೊಂದು ಊರಿನಲ್ಲಿ ಬೇರೆಯಾಗಿ ಕೊಡಿ ಎನ್ನುವುದು ಈ ಕಾರಣಕ್ಕೆ. ಕೊಳೆಯುವ ಪ್ಲಾಸ್ಟಿಕ್ ಎಂದು ಮಾರುವ ಚೀಲಗಳ ಸ್ಥಿತಿಯೂ ಹೀಗೆಯೇ: ಅವುಗಳಲ್ಲಿ ಹಲವು ದೊಡ್ಡ ಗೊಬ್ಬರ ಘಟಕಗಳ ಬಿಸಿಯಲ್ಲಷ್ಟೇ ಸರಿಯಾಗಿ ಕೊಳೆಯುತ್ತವೆ. ಅಂಥ ಘಟಕವಿಲ್ಲದ ಊರಿನಲ್ಲಿ ಅವನ್ನು ಹಸಿ ಕಸದೊಡನೆ ಕೊಟ್ಟರೆ ಆರಿಸಿ ಹೊರಹಾಕುವ ಕೆಲಸ ಯಾರದಾದರೂ ಕೈಗೆ ಬೀಳುತ್ತದೆ.

ಆದ್ದರಿಂದ ಯಾವ ಬಣ್ಣದ ಬುಟ್ಟಿಗೆ ಏನು ಎಂದು ಕೇಳುವುದರ ಜೊತೆಗೆ, ಈ ಕಸ ಮುಂದೆ ಎಲ್ಲಿಗೆ ಹೋಗುತ್ತದೆ ಎಂದೂ ಹೊಸಬರು ಕೇಳಬೇಕೆಂಬುದು ನನ್ನ ಸಲಹೆ. ಸ್ಥಳೀಯ ಸಂಸ್ಥೆಯ ಲಿಖಿತ ಪಟ್ಟಿಯಲ್ಲಿ ಯಾವ ದಿನ ಯಾವ ಕಸ ಒಯ್ಯುತ್ತಾರೆ ಎಂಬ ಮಾಹಿತಿ ಸಾಮಾನ್ಯವಾಗಿ ಇರುತ್ತದೆ. ಪಟ್ಟಿಯಲ್ಲಿಲ್ಲದ ಸಂಗತಿಗಳು, ಉದಾಹರಣೆಗೆ ಎಷ್ಟು ಹೊತ್ತಿಗೆ ಹೊರಗಿಡಬೇಕು, ಯಾವುದನ್ನು ಕಟ್ಟಿ ಕೊಟ್ಟರೆ ಅನುಕೂಲ ಎಂಬುದು, ದಿನವೂ ಬಾಗಿಲಿಗೆ ಬರುವ ಪೌರಕಾರ್ಮಿಕರಿಗೆ ಗೊತ್ತಿರುತ್ತದೆ. ಹೆಸರು ಕೇಳಿ, ಎರಡು ಮಾತಾಡಿದರೆ ಅವರು ಬಿಡಿಸಿ ಹೇಳುತ್ತಾರೆ.

ಕಸ ವಿಂಗಡಣಾ ಕೇಂದ್ರವನ್ನು ಒಳಹೊಕ್ಕು ನೋಡಿದವರು ಕಡಿಮೆ. ಯಂತ್ರಗಳಿರುವ ಕೇಂದ್ರದಲ್ಲಿ ಒಣ ಕಸ ಉದ್ದನೆಯ ಬೆಲ್ಟಿನ ಮೇಲೆ ಸಾಗುತ್ತದೆ. ತಿರುಗುವ ತಟ್ಟೆಗಳ ಸಾಲು ರಟ್ಟು ಮತ್ತು ಕಾಗದವನ್ನು ಬೇರ್ಪಡಿಸುತ್ತದೆ, ಅಯಸ್ಕಾಂತ ಕಬ್ಬಿಣದ ಡಬ್ಬಿಗಳನ್ನು ಎತ್ತಿಕೊಳ್ಳುತ್ತದೆ, ಅವಕೆಂಪು ಕಿರಣಗಳಿಂದ ಪ್ಲಾಸ್ಟಿಕ್ಕಿನ ಜಾತಿಯನ್ನು ಗುರುತಿಸುವ ಯಂತ್ರ ಬೇಕಾದ ಬಾಟಲಿಯನ್ನು ಗಾಳಿಯ ರಭಸದಿಂದ ಪಕ್ಕಕ್ಕೆ ಹಾರಿಸುತ್ತದೆ. ಈ ಸಾಲಿಗೆ ತೆಳುವಾದ ಪ್ಲಾಸ್ಟಿಕ್ ಚೀಲಗಳು ಬಂದರೆ ತಿರುಗುವ ಸರಳುಗಳಿಗೆ ಸುತ್ತಿಕೊಳ್ಳುತ್ತವೆ. ಸುತ್ತು ದಪ್ಪವಾಗುತ್ತಾ ತಟ್ಟೆಗಳ ನಡುವಿನ ಸಂದುಗಳು ಮುಚ್ಚಿಹೋಗಿ, ಕೊನೆಗೆ ಇಡೀ ಸಾಲನ್ನು ನಿಲ್ಲಿಸಿ ಕಾರ್ಮಿಕರು ಯಂತ್ರದೊಳಗೆ ಇಳಿದು ಚಾಕುವಿನಿಂದ ಒಂದೊಂದೇ ಪದರವನ್ನು ಕೊಯ್ದು ತೆಗೆಯಬೇಕಾಗುತ್ತದೆ. ಒಣ ಕಸವನ್ನು ಚೀಲದಲ್ಲಿ ಗಂಟು ಕಟ್ಟಿ ಕೊಡಬೇಡಿ ಎಂದು ಕೆಲವು ಊರುಗಳಲ್ಲಿ ಒತ್ತಿ ಹೇಳುವುದು ಇದಕ್ಕಾಗಿ. ಕೈಯಿಂದಲೇ ವಿಂಗಡಿಸುವ ಊರಿನಲ್ಲಿ ಅದೇ ಚೀಲ ಅಷ್ಟು ತೊಂದರೆ ಕೊಡದಿರಬಹುದು.

ಎಲ್ಲ ಊರಿಗೂ ಸಲ್ಲುವ ನಿಯಮವೆಂದರೆ ಒಣ ಕಸ ಒಣಗಿಯೇ ಇರಬೇಕು ಎಂಬುದು. ಅರ್ಧ ಪಾನೀಯ ಉಳಿದ ಒಂದೇ ಬಾಟಲಿ ಗಾಡಿಯಲ್ಲಿ ಒತ್ತಡಕ್ಕೆ ಸಿಕ್ಕಿ ಒಡೆದರೆ ಸುತ್ತಲಿನ ಕಾಗದವೆಲ್ಲ ಒದ್ದೆಯಾಗುತ್ತದೆ. ಎಣ್ಣೆ ಹೀರಿದ ಕಾಗದವಂತೂ ತಿರುಳು ಮಾಡುವಾಗ ನೀರಿನೊಡನೆ ಸರಿಯಾಗಿ ಬೆರೆಯುವುದಿಲ್ಲ. ಪಾತ್ರೆಯನ್ನು ತೊಳೆಯುವಷ್ಟು ಉಜ್ಜಬೇಕಿಲ್ಲ. ಖಾಲಿ ಮಾಡಿ, ಬಳಸಿದ ನೀರಿನಲ್ಲೇ ಒಮ್ಮೆ ಅಲುಗಾಡಿಸಿ, ಬೋರಲು ಹಾಕಿ ನೀರು ಸೋರಲು ಬಿಟ್ಟರೆ ಸಾಕು.

ಪ್ಲಾಸ್ಟಿಕ್ ಮೇಲಿನ ತ್ರಿಕೋನದ ಗುರುತನ್ನು ಬಹಳ ಜನ ತಪ್ಪಾಗಿ ಓದುತ್ತಾರೆ. 1988ರಲ್ಲಿ ಪ್ಲಾಸ್ಟಿಕ್ ಉದ್ಯಮದವರು ಜಾರಿಗೆ ತಂದ ಈ 1ರಿಂದ 7ರವರೆಗಿನ ಅಂಕಿಗಳು ಅದು ಯಾವ ಜಾತಿಯ ಪ್ಲಾಸ್ಟಿಕ್ ಎಂದು ಹೇಳುತ್ತವೆಯೇ ಹೊರತು, ಅದು ಮರುಬಳಕೆಯಾಗುತ್ತದೆ ಎಂಬ ಭರವಸೆಯನ್ನು ಕೊಡುವುದಿಲ್ಲ. ನೀರಿನ ಬಾಟಲಿಯ 1 ಮತ್ತು ಶ್ಯಾಂಪೂ, ಹಾಲಿನ ಡಬ್ಬಿಗಳ 2, ಇವಕ್ಕೆ ಹೆಚ್ಚಿನ ಕಡೆ ಬೇಡಿಕೆಯಿದೆ. 7 ಎಂದರೆ ‘ಇತರೆ’ ಎಂದಷ್ಟೇ ಅರ್ಥ. ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರಗಳನ್ನು ಅಂಟಿಸಿ ಮಾಡಿದ ಹೊಳೆಯುವ ಪೊಟ್ಟಣಗಳನ್ನು ಬಿಡಿಸುವುದು ಬಹಳ ಕಷ್ಟ. ಕಾರ್ಬನ್ ಬಣ್ಣ ಬೆರೆಸಿದ ಕಪ್ಪು ತಟ್ಟೆಗಳು ಕಿರಣಗಳನ್ನು ಹೀರಿಕೊಳ್ಳುವುದರಿಂದ ಯಂತ್ರದ ಕಣ್ಣಿಗೆ ಕಾಣುವುದೇ ಇಲ್ಲ. ಇದಕ್ಕೆ ಹೋಲಿಸಿದರೆ ಅಲ್ಯೂಮಿನಿಯಂ ಡಬ್ಬಿ ನಿಜವಾದ ಸಂಪತ್ತು: ಅದಿರಿನಿಂದ ಹೊಸದಾಗಿ ತೆಗೆಯುವುದಕ್ಕೆ ಹೋಲಿಸಿದರೆ ಅದನ್ನು ಕರಗಿಸಿ ಮರುಬಳಸುವುದರಿಂದ ಸುಮಾರು ಶೇಕಡಾ 95ರಷ್ಟು ಶಕ್ತಿ ಉಳಿಯುತ್ತದೆ. ಗಾಜಿನ ಬಾಟಲಿಯೂ ಮತ್ತೆ ಮತ್ತೆ ಕರಗಿ ಬಾಟಲಿಯಾಗಬಲ್ಲದು. ಆದರೆ ಶಾಖ ತಡೆಯುವ ಅಡುಗೆ ಪಾತ್ರೆಯ ಗಾಜು ಕರಗುವ ಉಷ್ಣಾಂಶವೇ ಬೇರೆಯಾದ್ದರಿಂದ ಅದನ್ನು ಬಾಟಲಿಗಳ ಜೊತೆ ಸೇರಿಸಬಾರದು.

ಅಪಾಯಕಾರಿ ಕಸದ ವಿಷಯದಲ್ಲಿ ನಾನು ಯಾವ ರಿಯಾಯಿತಿಯನ್ನೂ ಒಪ್ಪುವುದಿಲ್ಲ. ಮೊಬೈಲ್, ಆಟಿಕೆ, ವಿದ್ಯುತ್ ಬ್ರಷ್ ಇವುಗಳೊಳಗಿನ ಲಿಥಿಯಂ ಬ್ಯಾಟರಿ ಗಾಡಿಯ ಒತ್ತಡಕ್ಕೆ ಸಿಕ್ಕಿ ಜಜ್ಜಿಹೋದರೆ ಒಳಗೇ ಶಾರ್ಟ್ ಆಗಿ ಹೊತ್ತಿಕೊಳ್ಳುತ್ತದೆ, ಸುತ್ತಲೂ ಒಣಗಿದ ಕಾಗದ ಇದ್ದೇ ಇರುತ್ತದೆ. ಕಸದ ಗಾಡಿ ಮತ್ತು ಕೇಂದ್ರಗಳ ಬೆಂಕಿಗೆ ಇದು ಈಗ ಮುಖ್ಯವಾದ ಕಾರಣಗಳಲ್ಲೊಂದು. ಹಳೆಯ ಬ್ಯಾಟರಿಯ ತುದಿಗಳಿಗೆ ಟೇಪ್ ಅಂಟಿಸಿ ಒಂದು ಡಬ್ಬಿಯಲ್ಲಿ ಕೂಡಿಟ್ಟು, ಅದನ್ನು ಪಡೆಯುವ ಕೇಂದ್ರಕ್ಕೇ ಒಯ್ದು ಕೊಡಬೇಕು. ಪಾದರಸವಿರುವ ಸಿಎಫ್‌ಎಲ್ ಬಲ್ಬು, ಅವಧಿ ಮೀರಿದ ಔಷಧಿ, ಸೂಜಿಗಳಿಗೂ ಪ್ರತ್ಯೇಕ ದಾರಿ ಇರುತ್ತದೆ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ ಮೇಲೆ ‘ಗಾಜು’ ಎಂದು ಬರೆಯಿರಿ. ಬರಿಗೈಯಲ್ಲಿ ಅಥವಾ ತೆಳುವಾದ ಕೈಗವಸಿನಲ್ಲಿ ಅದನ್ನು ಎತ್ತುವವರು ಮನುಷ್ಯರು.

ಮನೆ ಬದಲಿಸಿದ ಮೊದಲ ವಾರದಲ್ಲಿ ರಟ್ಟಿನ ಪೆಟ್ಟಿಗೆ, ಥರ್ಮೋಕೋಲ್, ಗುಳ್ಳೆಗಳಿರುವ ಪ್ಲಾಸ್ಟಿಕ್ ಹಾಳೆ ರಾಶಿ ಬೀಳುತ್ತವೆ. ಗಟ್ಟಿಯಾಗಿರುವ ಪೆಟ್ಟಿಗೆಗಳನ್ನು ಮುಂದೆ ಮನೆ ಬದಲಿಸಲಿರುವ ಯಾರಿಗಾದರೂ ಕೊಡುವುದೇ ಒಳ್ಳೆಯದು. ಉಳಿದವನ್ನು ಟೇಪ್ ಕಿತ್ತು ಚಪ್ಪಟೆ ಮಾಡಿ ಕಟ್ಟಿಟ್ಟು, ಮಳೆಗೆ ನೆನೆಯದಂತೆ ನೋಡಿಕೊಳ್ಳಿ. ಥರ್ಮೋಕೋಲಿನ ಗಾತ್ರದಲ್ಲಿ ಶೇಕಡಾ 95ಕ್ಕೂ ಹೆಚ್ಚು ಪಾಲು ಗಾಳಿಯೇ ಆಗಿರುವುದರಿಂದ ಅದರ ಸಾಗಾಟ ದುಬಾರಿಯಾಗಿ ಅನೇಕ ಕೇಂದ್ರಗಳು ಅದನ್ನು ಒಪ್ಪಿಕೊಳ್ಳುವುದಿಲ್ಲ. ಹೊಸ ಉಪಕರಣ ತಂದುಕೊಟ್ಟವರೇ ಹಿಂದಕ್ಕೆ ಒಯ್ಯುತ್ತಾರೆಯೇ ಎಂದು ಪೆಟ್ಟಿಗೆ ಬಿಚ್ಚುವಾಗಲೇ ವಿಚಾರಿಸಿ. ಹಾಸಿಗೆ, ಮುರಿದ ಮೇಜುಗಳಂಥ ದೊಡ್ಡ ವಸ್ತುಗಳಿಗೆ ಮೊದಲೇ ತಿಳಿಸಿ ದಿನ ಗೊತ್ತುಮಾಡಿಕೊಳ್ಳುವ ಪದ್ಧತಿ ಅನೇಕ ಊರುಗಳಲ್ಲಿದೆ. ಏನು ಮಾಡಬೇಕೆಂದು ತಿಳಿಯದ ವಸ್ತುವನ್ನು ಹೇಗೂ ಮರುಬಳಕೆಯಾಗಲಿ ಎಂಬ ಆಸೆಯಿಂದ ಒಣ ಕಸಕ್ಕೆ ಸೇರಿಸಬೇಡಿ. ಅದನ್ನು ಬೇರೆ ಚೀಲದಲ್ಲಿ ಒಣಗಿದ ಜಾಗದಲ್ಲಿಟ್ಟು, ಮರುದಿನ ಗಾಡಿ ಬಂದಾಗ ತೋರಿಸಿ ಕೇಳಿ.