ಕೆರೆ ತುಂಬಿದರೆ ಸಾಲದು, ಕೋಡಿ ಬೀಳಬೇಕು

ಚಿಕ್ಕಮಗಳೂರು ಜಿಲ್ಲೆಯ ಸಖರಾಯಪಟ್ಟಣದ ಅಯ್ಯನಕೆರೆಗೆ ಬಂದವರು ಏರಿ ಮೇಲೆ ನಿಂತು, ಹಿಂದೆ ಬೆಟ್ಟ ಕಾಣುವಂತೆ ಫೋಟೊ ತೆಗೆದುಕೊಂಡು ಹೊರಡುತ್ತಾರೆ. ನೋಡಬೇಕಾದದ್ದು ಕೋಡಿ.

ಬಾಬಾಬುಡನ್‌ಗಿರಿ ಸಾಲಿನಲ್ಲಿ ಹುಟ್ಟುವ ವೇದಾ ಹೊಳೆ ಅಯ್ಯನಕೆರೆ ಹಾದು ಬರುತ್ತದೆ, ಆವತಿ ಹೊಳೆ ಮದಗದಕೆರೆ ಹಾದು. ಕಡೂರಿನ ಬಳಿ ಎರಡೂ ಸೇರಿ ವೇದಾವತಿ. ಈ ಕಡೆ ಹಳಬರು ಕೆರೆಗಳನ್ನು ಸಾಲಾಗಿ ಕಟ್ಟಿದರು. ಮೇಲಿನ ಕೆರೆಯ ಕೋಡಿ ನೀರು ಕೆಳಗಿನದಕ್ಕೆ. ಅವರ ಯೋಚನೆ ಇದ್ದದ್ದು ಗದ್ದೆ ಬಗ್ಗೆ. ಮೀನಿಗೆ ದಾರಿ ಸುಮ್ನೆ ಸಿಕ್ಕಿತು.

ಮುಂಗಾರಿನ ಮೊದಲ ಕೆನ್ನೀರಿಗೆ ಮೀನು ಎದುರು ಹರಿವಿನಲ್ಲಿ ಮೇಲೇರುವುದನ್ನು ಮಲೆನಾಡಿನವರು ಹತ್ತುಮೀನು ಅನ್ನುತ್ತಾರೆ. ಮೊಟ್ಟೆ ಇಡಲು ಹೊರಟ ಮೀನು ಅದು. ನಡುವೆ ಕಾಲುವೆ ಮುಚ್ಚಿದರೆ ಹರಿವು ಬೇಡುವ ಮೀನು ಮೊದಲು ಕಡಿಮೆಯಾಗುತ್ತದೆ. ಕೊರವ, ಮುರುಗೋಡು ಉಳಿಯುತ್ತವೆ. ಗಾಳಿಯನ್ನೂ ಉಸಿರಾಡುವ ಗಟ್ಟಿ ಜೀವಗಳು, ಕೆಸರಿನಲ್ಲೂ ದಿನ ತಳ್ಳುತ್ತವೆ. ಕೆರೆಯಲ್ಲಿ ಮೀನು ಇದೆಯಲ್ವಾ ಅಂತ ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಎಷ್ಟು ಬಗೆ ಅಂತ ಕೇಳುವುದಿಲ್ಲ.

ಗಿಡಗಳಿಗೂ ನೀರು ಏರಿ ಇಳಿಯಬೇಕು. ನೀರು ಹಿಂದೆ ಸರಿದಾಗ ಬಯಲಾಗುವ ಕೆಸರಿನಲ್ಲಿ ಹುಲ್ಲು, ಜೊಂಡಿನ ಬೀಜ ಮೊಳೆಯುತ್ತವೆ. ಸ್ವಲ್ಪ ಆಳದಲ್ಲಿ ನೈದಿಲೆ. ಹಕ್ಕಿಗಳದ್ದೂ ಇದೇ ಲೆಕ್ಕ: ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ ಬೇಸಿಗೆಗೆ ನೀರು ಇಳಿದು ದಿಬ್ಬ ಎದ್ದಾಗಲೇ ರೀವ (ರಿವರ್ ಟರ್ನ್) ಹಕ್ಕಿಗಳು ಅಲ್ಲಿ ಗೂಡು ಮಾಡುವುದು. ವರ್ಷವಿಡೀ ತುಂಬಿ ನಿಂತ ಕೆರೆ ಚೆಂದ ಕಾಣಬಹುದು. ಆದರೆ ಅದರಲ್ಲಿ ಕೆಲವರಿಗೆ ಮಾತ್ರ ಜಾಗ.

ದೊಡ್ಡ ತಡೆ ಬಿದ್ದದ್ದು ಕೆಳಗೆ, ಚಿತ್ರದುರ್ಗ ಜಿಲ್ಲೆಯಲ್ಲಿ. 1907ರಲ್ಲಿ ವೇದಾವತಿಗೆ ಅಡ್ಡವಾಗಿ ವಾಣಿವಿಲಾಸ ಸಾಗರ ಮುಗಿಯಿತು. ಅಲ್ಲಿಂದ ಮುಂದೆ ಇದೇ ಹೊಳೆ ಹಗರಿ ಎನಿಸಿಕೊಂಡು ತುಂಗಭದ್ರೆ ಸೇರುತ್ತದೆ. ಆ ಕಡೆಯ ಮೀನು ಅಣೆಕಟ್ಟು ಹತ್ತಿ ಕಡೂರಿಗೆ ಬರಲಾರದು. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ! ಜನ ಜಾತ್ರೆಯಂತೆ ನೋಡಲು ಹೋದದ್ದರಲ್ಲಿ ಆಶ್ಚರ್ಯವೇನಿಲ್ಲ.

ಹಾಗಂತ ಕೆರೆಯಿಂದ ಕೆರೆಗೆ ನೀರು ಕೂಡಿಸಿದ್ದೆಲ್ಲ ಒಳ್ಳೆಯದೇ ಅಂತಲ್ಲ. ಕೋಡಿ ಯಾರನ್ನೂ ತಡೆದು ವಿಚಾರಿಸುವುದಿಲ್ಲ. ಒಂದು ಕೆರೆಯ ಅಂತರಗಂಗೆ ಕಳೆ ಮುಂದಿನದಕ್ಕೆ ತೇಲುತ್ತದೆ, ಹೊರದೇಶದ ಮೀನು ತಿಲಾಪಿಯಾ ಈಜುತ್ತದೆ. ಸಾಕುವುದನ್ನೇ ನಿಷೇಧಿಸಿರುವ ಆಫ್ರಿಕನ್ ಕ್ಯಾಟ್‌ಫಿಶ್‌ಗಂತೂ ಹಳ್ಳ ತುಂಬಿ ಹರಿಯಬೇಕೆಂದೇನೂ ಇಲ್ಲ. ಒಂದಿಷ್ಟು ಒದ್ದೆ ನೆಲ ಸಿಕ್ಕರೆ ತೆವಳಿಕೊಂಡೇ ದಾಟುತ್ತದೆ.