ಎಲೆಯ ಬೆಲೆ ಎದುರಿನ ಕೈಯಲ್ಲಿ

ತೀರ್ಥಹಳ್ಳಿಯ ಹತ್ತಿರದ ನಮ್ಮ ಅಕ್ಕನ ಮನೆಯಲ್ಲಿ ಮಳೆಗಾಲದ ರಾತ್ರಿಗಳಂದು ಬ್ರಿಡ್ಜ್ ಎಂಬ ಎಲೆಯಾಟ ಆಡುವ ರೂಢಿಯಿದೆ. ಅಡಿಕೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆದು ಮುಗಿದು, ಮಳೆ ಬಿಡದೆ ಹೊಯ್ಯುತ್ತಿರುವಾಗ ಜಗಲಿಯಲ್ಲಿ ನಾಲ್ವರು ಕೂರುತ್ತೇವೆ. ಭಾವ ಮತ್ತು ನಾನು ಒಂದು ಜೋಡಿ, ಪಕ್ಕದ ಮನೆಯ ಅಣ್ಣ ತಮ್ಮಂದಿರು ಇನ್ನೊಂದು. ಈ ವರ್ಷದ ಒಂದು ಆಟದಲ್ಲಿ ಭಾವ ‘ಒಂದು ಇಸ್ಪೀಟು’ ಎಂದು ಬಿಡ್ ಆರಂಭಿಸಿದರು, ನಾನು ‘ಎರಡು ಇಸ್ಪೀಟು’ ಎಂದೆ, ಅವರು ‘ಮೂರು ಆಟೀನು’ ಎಂದರು. ನನ್ನ ಕೈಯಲ್ಲಿ ಆಟೀನಿನ ರಾಜ, ರಾಣಿ, ಗುಲಾಮ ಮೂವರೂ ಇದ್ದುದರಿಂದ ಹಿಗ್ಗಿ ‘ನಾಲ್ಕು ಇಸ್ಪೀಟು’ ಎಂದೆ. ಹತ್ತು ಟ್ರಿಕ್ (ನಾಲ್ವರೂ ಒಂದೊಂದು ಎಲೆ ಇಳಿಸುವ ಸುತ್ತು) ಗೆಲ್ಲಬೇಕಿದ್ದ ಆ ಆಟದಲ್ಲಿ ನಮಗೆ ಬಂದದ್ದು ಎಂಟು.

“ನಿಮ್ಮ ಆಟೀನೆಲ್ಲ ಎಲ್ಲಿ ಹೋಯ್ತು ಭಾವ?” ಎಂದು ಕೇಳಿದೆ.

“ಇಲ್ಲ ಅಂತಲೇ ಹೇಳಿದ್ದಲ್ಲ ಮಾರಾಯ!” ಎಂದರು.

ಬ್ರಿಡ್ಜಿನಲ್ಲಿ ಒಬ್ಬೊಬ್ಬರಿಗೆ ಹದಿಮೂರು ಎಲೆ. ಎದುರುಬದುರು ಕೂತ ಇಬ್ಬರು ಒಂದು ಜೋಡಿ. ಆಟಕ್ಕೆ ಮುಂಚೆ ನಡೆಯುವ ಬಿಡ್ಡಿಂಗಿನಲ್ಲಿ, ಯಾವ ಬಣ್ಣವನ್ನು (ಇಸ್ಪೀಟು, ಆಟೀನು, ಡೈಮಂಡ್, ಕಳಾವರ್) ತುರುಪು ಮಾಡಿ ಎಷ್ಟು ಟ್ರಿಕ್ ಗೆಲ್ಲುತ್ತೇವೆ ಎಂದು ಮಾತು ಕೊಡಬೇಕು. ಹೇಳಿದ ಅಂಕಿಗೆ ಆರು ಕೂಡಿಸಿದರೆ ಗೆಲ್ಲಬೇಕಾದ ಟ್ರಿಕ್ ಸಿಗುತ್ತದೆ. 1925ರಲ್ಲಿ ಅಮೆರಿಕದ ಹೆರಾಲ್ಡ್ ವಾಂಡರ್‌ಬಿಲ್ಟ್ ಹಡಗಿನ ಪ್ರಯಾಣವೊಂದರಲ್ಲಿ ರೂಪಿಸಿದ ಅಂಕಪದ್ಧತಿಯಿಂದಾಗಿ, ಮೊದಲೇ ಮಾತು ಕೊಟ್ಟು ಗೆದ್ದ ಟ್ರಿಕ್‌ಗಳಷ್ಟೇ ‘ಗೇಮ್’ ಎಂಬ ಮಟ್ಟದ, ಅಂದರೆ ಇಸ್ಪೀಟಿನಲ್ಲಾದರೆ ನಾಲ್ಕರ, ದೊಡ್ಡ ಬಹುಮಾನಕ್ಕೆ ಲೆಕ್ಕವಾಗುತ್ತವೆ. ಹತ್ತು ಟ್ರಿಕ್ ಗೆದ್ದರೂ ಮೂರು ಇಸ್ಪೀಟಿಗೇ ನಿಂತಿದ್ದರೆ 170 ಅಂಕ; ನಾಲ್ಕು ಎಂದು ಹೇಳಿ ಗೆದ್ದರೆ, ವಲ್ನರಬಲ್ (ಬಹುಮಾನ, ದಂಡ ಎರಡೂ ಹೆಚ್ಚಿರುವ ಸ್ಥಿತಿ) ಆಗಿದ್ದಾಗ, 620. ಆದ್ದರಿಂದ ಇಬ್ಬರ ಒಟ್ಟು ಶಕ್ತಿಯನ್ನು, ಒಬ್ಬರ ಎಲೆಯನ್ನು ಇನ್ನೊಬ್ಬರು ನೋಡದೆ, ಮೊದಲೇ ಅಂದಾಜು ಮಾಡುವುದೇ ಈ ಆಟದ ಅರ್ಧ ವಿದ್ಯೆ.

ಅಂದಾಜಿನ ಮೊದಲ ಅಳತೆಗೋಲು ಬಹಳ ಸರಳವಾದದ್ದು: ಎಕ್ಕಕ್ಕೆ ನಾಲ್ಕು, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದು. ಬ್ರಯಂಟ್ ಮೆಕ್‌ಕ್ಯಾಂಪ್‌ಬೆಲ್ 1915ರಲ್ಲಿ ಪ್ರಕಟಿಸಿದ ಈ ಎಣಿಕೆಯನ್ನು ಮಿಲ್ಟನ್ ವರ್ಕ್ ಪ್ರಚಾರಕ್ಕೆ ತಂದರು, ಮುಂದೆ ಚಾರ್ಲ್ಸ್ ಗೊರೆನ್ ಮನೆಮನೆಗೆ ಮುಟ್ಟಿಸಿದರು. ಇಡೀ ಕಟ್ಟಿನಲ್ಲಿ 40 ಪಾಯಿಂಟ್, ಸರಾಸರಿ ಕೈಗೆ 10. ಜೋಡಿಗೆ 25–26 ಸೇರಿದರೆ ಗೇಮ್, 33ರ ಸುಮಾರಿಗೆ ಹನ್ನೆರಡು ಟ್ರಿಕ್‌ಗಳ ಸ್ಲ್ಯಾಮ್ ಎಂಬುದು ರೂಢಿಯ ಲೆಕ್ಕ. ಎಕ್ಕಕ್ಕೆ ಇದು ತುಸು ಕಡಿಮೆ ಬೆಲೆ ಕಟ್ಟುತ್ತದೆ, ರಾಣಿ ಗುಲಾಮರಿಗೆ ತುಸು ಹೆಚ್ಚು. ಆದರೂ ಇಬ್ಬರ ಕೈಯಲ್ಲೂ ಬಣ್ಣಗಳು ಸಮನಾಗಿ ಹಂಚಿದ್ದು, ತುರುಪಿಲ್ಲದ ಆಟವಾದರೆ ಇದು ಚೆನ್ನಾಗಿಯೇ ನಡೆಯುತ್ತದೆ. ತುರುಪು ಬಂದ ಕೂಡಲೇ ಲೆಕ್ಕ ಬದಲಾಗುತ್ತದೆ. ಅಡಿಕೆಯ ಚೀಲ ತಂದು ಬರೀ ತೂಕ ಹೇಳಿದರೆ ಶಿವಮೊಗ್ಗದ ಮಂಡಿಯಲ್ಲಿ ಯಾರೂ ದರ ಹೇಳುವುದಿಲ್ಲ; ಹಸವೋ, ಬೆಟ್ಟೆಯೋ, ರಾಶಿಯೋ, ಗೊರಬಲೋ ಎಂದು ಮೊದಲು ಕೇಳುತ್ತಾರೆ. ಪಾಯಿಂಟ್ ಎಣಿಕೆಯೂ ಅಂಥ ತೂಕವೇ.

ಅಂದಿನ ಎಲೆಗಳನ್ನೇ ನೋಡೋಣ. ಭಾವನ ಕೈಯಲ್ಲಿ ಇಸ್ಪೀಟಿನ ಎಕ್ಕ, ರಾಜ, ಗುಲಾಮ, 7, 3. ಆಟೀನಿನಲ್ಲಿ 4 ಒಂದೇ. ಡೈಮಂಡಿನ ಎಕ್ಕ, 9, 6, 2. ಕಳಾವರಿನ 9, 8, 5 ಇದ್ದವು. ಒಟ್ಟು 12 ಪಾಯಿಂಟ್. ನನ್ನಲ್ಲಿ ಇಸ್ಪೀಟಿನ ರಾಣಿ, 10, 6, 4. ಆಟೀನಿನ ರಾಜ, ರಾಣಿ, ಗುಲಾಮ, 2. ಡೈಮಂಡಿನ ಗುಲಾಮ, 5. ಕಳಾವರಿನ 7, 4, 3. ಒಟ್ಟು 9. ಕಳಾವರಿನಲ್ಲಿ ಮೂರು, ಆಟೀನಿನ ಎಕ್ಕಕ್ಕೆ ಒಂದು, ಡೈಮಂಡಿನಲ್ಲಿ ಒಂದು, ಹೀಗೆ ಐದು ಟ್ರಿಕ್ ಕೈಬಿಟ್ಟವು.

ಈಗ ನನ್ನ ಇಸ್ಪೀಟನ್ನು ಹಾಗೆಯೇ ಇಟ್ಟು, ಉಳಿದವನ್ನು ಆಟೀನಿನ 8, 6, 5, 2. ಡೈಮಂಡಿನ ರಾಜ, 5. ಕಳಾವರಿನ ಎಕ್ಕ, 7, 4 ಎಂದು ಬದಲಿಸಿ. ಮತ್ತೆ 9 ಪಾಯಿಂಟೇ, ಪ್ರತಿ ಬಣ್ಣದಲ್ಲಿಯೂ ಅಷ್ಟೇ ಎಲೆಗಳು. ಆದರೆ ಈ ಸಲ ಆಟೀನಿನಲ್ಲಿ ಒಂದೇ ಒಂದು ಟ್ರಿಕ್ ಹೋಗುತ್ತದೆ, ಕಳಾವರಿನಲ್ಲಿ ಎರಡು. ಡೈಮಂಡಿನ ರಾಜ, ಎಕ್ಕ ಎರಡೂ ಗೆದ್ದು, ಉಳಿದೆರಡು ಡೈಮಂಡ್‌ಗಳನ್ನು ನನ್ನ ಕಡೆಯ ತುರುಪಿನಿಂದ ಹೊಡೆಯಬಹುದು. ತುರುಪಿನಿಂದ ಏಳು, ಡೈಮಂಡಿನಿಂದ ಎರಡು, ಕಳಾವರಿನಿಂದ ಒಂದು: ಹತ್ತು ಟ್ರಿಕ್. ಗೇಮಿಗೆ 25 ಬೇಕು ಎನ್ನುವ ಕಡೆ 21ರಲ್ಲಿಯೇ ಕೆಲಸವಾಯಿತು, ಏಕೆಂದರೆ ಒಂದು ಪಾಯಿಂಟೂ ಪೋಲಾಗಲಿಲ್ಲ. ಮೊದಲಿನ ಕೈಯಲ್ಲಿ ಆರು ಪಾಯಿಂಟ್‌ಗಳು ಭಾವನ ಒಂಟಿ ಆಟೀನಿನ ಎದುರು ಕೂತು ಕೊಳೆತವು.

ಪಾಯಿಂಟಿನ ಬದಲು ಸೋಲುವ ಟ್ರಿಕ್‌ಗಳನ್ನೇ ಎಣಿಸುವ ಇನ್ನೊಂದು ವಿಧಾನವಿದೆ. ಪ್ರತಿ ಬಣ್ಣದ ಮೊದಲ ಮೂರು ಎಲೆಗಳಲ್ಲಿ ಎಕ್ಕ, ರಾಜ, ರಾಣಿ ಎಷ್ಟು ಕಡಿಮೆಯಿವೆಯೋ ಅಷ್ಟು ಸೋಲು. ಇಬ್ಬರ ಸೋಲನ್ನು ಕೂಡಿಸಿ 24ರಿಂದ ಕಳೆದರೆ ಗೆಲ್ಲುವ ಟ್ರಿಕ್. ಭಾವನ ಕೈಗೆ ಏಳು ಸೋಲು, ನನ್ನ ಎರಡೂ ಬಗೆಯ ಕೈಗೆ ಎಂಟೆಂಟು. ಎರಡಕ್ಕೂ ಉತ್ತರ ಒಂಬತ್ತು! ನಿಜ ಮಾತ್ರ ಒಂದರಲ್ಲಿ ಎಂಟು, ಇನ್ನೊಂದರಲ್ಲಿ ಹತ್ತು. ನನ್ನ ಕೈಯನ್ನಷ್ಟೇ ನೋಡಿ ಎಣಿಸುವ ಯಾವ ಸೂತ್ರಕ್ಕೂ ಈ ವ್ಯತ್ಯಾಸ ಕಾಣಲಾರದು. ಅದು ನನ್ನ ಕೈಯಲ್ಲಿ ಇರುವುದೇ ಇಲ್ಲ, ಎರಡು ಕೈಗಳ ನಡುವೆ ಇದೆ. ಅದನ್ನು ತಿಳಿಯಲು ಮಾತೊಂದೇ ದಾರಿ.

ಆ ಮಾತಿಗಾದರೂ ಎಷ್ಟು ಜಾಗವಿದೆ? ಕೆಳಗಿನಿಂದ ಮೇಲಕ್ಕೆ ಕಳಾವರ್, ಡೈಮಂಡ್, ಆಟೀನು, ಇಸ್ಪೀಟು, ತುರುಪಿಲ್ಲದ್ದು ಎಂಬ ಐದು ಬಗೆ, ಏಳು ಹಂತ, ಒಟ್ಟು 35 ಬಿಡ್‌ಗಳು; ಅವುಗಳ ಜೊತೆಗೆ ಬಿಡ್ ಮಾಡದೆ ಸುಮ್ಮನಿರುವ ಪಾಸ್, ಪಣ ಏರಿಸುವ ಡಬಲ್, ರೀಡಬಲ್. ಪ್ರತಿ ಬಿಡ್ಡೂ ಹಿಂದಿನದಕ್ಕಿಂತ ಮೇಲಿನದಾಗಿರಬೇಕು, ಇಳಿಯುವಂತಿಲ್ಲ. ಎದುರಾಳಿಗಳು ಬಾಯಿ ಹಾಕದಿದ್ದರೆ, ಒಂದು ಜೋಡಿಯ ಸಂಭಾಷಣೆಯೆಂದರೆ ಈ 35 ಮೆಟ್ಟಿಲುಗಳಲ್ಲಿ ಯಾವುದನ್ನು ತುಳಿದೆವು, ಯಾವುದನ್ನು ಬಿಟ್ಟೆವು ಎಂಬುದಷ್ಟೆ. ಹೀಗೆ ಸಾಧ್ಯವಿರುವ ಸಂಭಾಷಣೆಗಳು ಎರಡರ ಮೂವತ್ತೈದನೇ ಘಾತ, ಅಂದರೆ ಸುಮಾರು 3,436 ಕೋಟಿ. ಕೇಳಲು ದೊಡ್ಡ ಸಂಖ್ಯೆಯೇ. ಆದರೆ ಹದಿಮೂರು ಎಲೆಯ ಕೈಗಳು 63,501 ಕೋಟಿಗಿಂತ ಹೆಚ್ಚು ಬಗೆಯಲ್ಲಿ ಬರಬಹುದು. ಕಟ್ಟಕಡೆಯ ಮೆಟ್ಟಿಲಿನವರೆಗೆ ಮಾತಾಡಿದರೂ ಒಬ್ಬರ ಕೈಯನ್ನು ಪೂರ್ತಿ ವರ್ಣಿಸಲು ಭಾಷೆ ಸಾಲುವುದಿಲ್ಲ, ಅಲ್ಲಿಯವರೆಗೆ ಹೋದರೆ ಹದಿಮೂರೂ ಟ್ರಿಕ್ ಗೆಲ್ಲಬೇಕಾದ ಪಾಡು ಬೇರೆ. ಹಾಗಾಗಿ ಒಳ್ಳೆಯ ಜೋಡಿ ಎಲ್ಲವನ್ನೂ ಹೇಳಹೊರಡುವುದಿಲ್ಲ. ತೀರ್ಮಾನ ಯಾವುದರ ಮೇಲೆ ನಿಂತಿದೆಯೋ ಆ ಒಂದು ಸಂಗತಿಯನ್ನು ಮಾತ್ರ ಕೇಳುತ್ತದೆ.

ಇದೇ ಗಣಿತದಿಂದ ಇನ್ನೊಂದು ಮಾತೂ ಹೊರಡುತ್ತದೆ: ಒಂದು ಮೆಟ್ಟಿಲು ಹಾರಿದರೆ ಮುಂದಿನ ಸಂಭಾಷಣೆಗಳ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ಏಳು ಡೈಮಂಡ್ ಇದ್ದು ಬೇರೇನೂ ಇಲ್ಲದವರು ಒಮ್ಮೆಲೇ ‘ಮೂರು ಡೈಮಂಡ್’ ಎಂದು ಆರಂಭಿಸುವುದನ್ನು ನೋಡಿ ಹೊಸಬರು ಹುಚ್ಚಾಟವೆಂದುಕೊಳ್ಳುತ್ತಾರೆ. ಅದು ಹನ್ನೆರಡನೆಯ ಮೆಟ್ಟಿಲು. ಈ ಲೆಕ್ಕದಲ್ಲಿ ಎದುರಾಳಿಗಳಿಗೆ ಉಳಿಯುವ ಮಾತು 4,096ರಲ್ಲಿ ಒಂದು ಪಾಲು. ಟ್ರಿಕ್ ಗೆಲ್ಲುವ ಶಕ್ತಿಯಿಲ್ಲದವರು ಬೇರೆಯವರ ಬಾಯಿ ಕಟ್ಟುವ ಉಪಾಯ ಇದು.

ಒಂದು ಇಸ್ಪೀಟಿನಿಂದ ನಾಲ್ಕು ಇಸ್ಪೀಟಿನ ನಡುವೆ ಹದಿನಾಲ್ಕು ಮೆಟ್ಟಿಲುಗಳಿವೆ. ತುರುಪು ಇಸ್ಪೀಟೇ ಎಂದು ನಾನು ಒಪ್ಪಿಕೊಂಡ ಮೇಲೆ ಮೂರು ಆಟೀನಿಗೆ ಅದರ ಹೆಸರಿನ ಅರ್ಥವೇ ಬೇಕಿಲ್ಲ. ನಮ್ಮ ಒಪ್ಪಂದದ ಪ್ರಕಾರ ಅದು ‘ಆಟೀನಿನಲ್ಲಿ ನನಗೆ ಒಂದೇ ಎಲೆ, ಅಲ್ಲಿ ನಿನ್ನ ದೊಡ್ಡ ಎಲೆಗಳು ವ್ಯರ್ಥವಾಗುವುದಾದರೆ ಮೂರಕ್ಕೆ ನಿಲ್ಲು, ಇಲ್ಲವಾದರೆ ನಾಲ್ಕಕ್ಕೆ ಹೋಗು’ ಎಂಬ ಪ್ರಶ್ನೆ. ರಾಜ, ರಾಣಿ, ಗುಲಾಮರನ್ನು ಕಂಡು ನಾನು ಹೆದರಬೇಕಿತ್ತು.

ಹಾಗೆಂದು ಖಚಿತವಾದಾಗ ಮಾತ್ರ ಮುನ್ನುಗ್ಗಬೇಕೆಂದಲ್ಲ. ವಲ್ನರಬಲ್ ಇದ್ದಾಗ ಗೇಮ್ ಗೆದ್ದರೆ ಲಾಭ 450. ಒಂದು ಟ್ರಿಕ್ ಕಡಿಮೆ ಬಿದ್ದರೆ, 140 ಸಿಗುವ ಕಡೆ 100 ಕಳೆದುಕೊಂಡು, ನಷ್ಟ 240. ಹಾಗಾಗಿ ಗೆಲ್ಲುವ ಸಾಧ್ಯತೆ ಶೇ. 35 ಇದ್ದರೆ ಸಾಕು, ನಾಲ್ಕು ಎನ್ನುವುದೇ ಜಾಣತನ. ವಲ್ನರಬಲ್ ಅಲ್ಲದಾಗ ಅದು ಶೇ. 43ಕ್ಕೆ ಏರುತ್ತದೆ. ನಮ್ಮ ಕಡೆಯ ಸಂಕೋಚದ ಆಟಗಾರರು ಸೋಲುವುದು ಹೆಚ್ಚಾಗಿ ಇಲ್ಲಿಯೇ ಎಂಬುದು ನನ್ನ ಅನಿಸಿಕೆ.

2022ರಲ್ಲಿ ಪ್ಯಾರಿಸ್‌ನಲ್ಲಿ ‘ನೂಕ್’ ಎಂಬ ಕಂಪ್ಯೂಟರ್ ಕಾರ್ಯಕ್ರಮ ಎಂಟು ಮಂದಿ ವಿಶ್ವ ಚಾಂಪಿಯನ್ನರಿಗಿಂತ ಚೆನ್ನಾಗಿ ಎಲೆ ಆಡಿ ತೋರಿಸಿತು. ಆದರೆ ಆ ಸ್ಪರ್ಧೆಯಿಂದ ಬಿಡ್ಡಿಂಗನ್ನು ಹೊರಗಿಟ್ಟಿದ್ದರು. ಬಿಡ್ಡಿಂಗಿನಲ್ಲಿ ಜೋಡಿಯ ಒಪ್ಪಂದ ಗುಟ್ಟಾಗಿರುವಂತಿಲ್ಲ. ಎದುರಾಳಿ ಕೇಳಿದರೆ ಒಂದೊಂದು ಬಿಡ್ಡಿನ ಅರ್ಥವನ್ನೂ ಬಿಡಿಸಿ ಹೇಳಬೇಕು, ಅದೂ ಬಿಡ್ ಮಾಡಿದವರಲ್ಲ, ಅವರ ಜೊತೆಗಾರ. ಮಲೆನಾಡಿನವರ ಒಂದು ‘ಹ್ಞೂಂ’ಗೆ ಹತ್ತು ಅರ್ಥವಿರುವುದರಿಂದ ನಾವು ಬಾಯಲ್ಲಿ ಹೇಳುವುದನ್ನು ಬಿಟ್ಟು, ಸ್ಪರ್ಧೆಗಳಲ್ಲಿ ಮಾಡುವಂತೆ ಬಿಡ್ಡಿನ ಚೀಟಿಗಳನ್ನು ಮೇಜಿನ ಮೇಲೆ ಇಡುತ್ತೇವೆ.

ಅಂದು ಪಕ್ಕದ ಮನೆಯ ಅಣ್ಣ ಚೀಟಿ ನೋಡಿ, “ಮೂರು ಆಟೀನು ಅಂದ್ರೆ ಎಂತದು?” ಎಂದು ನನ್ನನ್ನು ಕೇಳಿದ್ದರು. “ಭಾವನ ಹತ್ರ ಆಟೀನು ಜಾಸ್ತಿ ಇದೆ” ಎಂದೆ. ತಪ್ಪೆಂದು ಗೊತ್ತಿದ್ದರೂ ಬಿಡ್ಡಿಂಗ್ ನಡೆಯುವಾಗ ಭಾವ ತಿದ್ದುವಂತಿಲ್ಲ, ಮುಖದಲ್ಲಿಯೂ ತೋರಿಸುವಂತಿಲ್ಲ. ಅವರು ಅಂಗಳದ ಮಳೆ ನೋಡುತ್ತಾ ಕೂತರು. ನನ್ನ ನಾಲ್ಕು ಇಸ್ಪೀಟಿನ ಮೇಲೆ ಮೂರು ಪಾಸ್ ಬಿದ್ದವು. ಮೊದಲ ಎಲೆ ಇಳಿಯುವ ಮುನ್ನ ತಪ್ಪು ತಿದ್ದಲೇಬೇಕೆಂಬುದು ನಿಯಮ. “ಇವನು ಹೇಳಿದ್ದು ಸರಿಯಲ್ಲ, ನಮ್ಮ ಒಪ್ಪಂದದಲ್ಲಿ ಅದಕ್ಕೆ ಒಂಟಿ ಆಟೀನು ಅಂತ ಅರ್ಥ” ಎಂದು ಭಾವ ಎದುರಾಳಿಗಳಿಗೆ ಹೇಳಿದರು. ಅಣ್ಣ ಆಟೀನಿನ ಎಕ್ಕದ ಮೇಲೆ ಇಟ್ಟಿದ್ದ ಬೆರಳನ್ನು ಸರಿಸಿ, ಕಳಾವರಿನ ರಾಜನನ್ನು ಇಳಿಸಿದರು.