ಬಿಸಿಲು ಮಳೆಗೆ ನಿಲ್ಲುವ ಲೇಸರ್ ಫಲಕ

ಹೊರಾಂಗಣ ಫಲಕದ ಆಯಸ್ಸು ಎರಡು ವಿಷಯಗಳ ಮೇಲೆ ನಿಂತಿದೆ: ಕೆತ್ತನೆಯ ಆಳ ಮತ್ತು ಅದರೊಳಗೆ ತುಂಬುವ ಬಣ್ಣ. ಮೇಲ್ಮೈಯನ್ನಷ್ಟೇ ಸುಟ್ಟು ಮೂಡಿಸಿದ ಅಕ್ಷರ ಹೆಚ್ಚು ದಿನ ಬಾಳುವುದಿಲ್ಲ. ಮರದಲ್ಲಿ ಇದು ಬೇಗ ಗೊತ್ತಾಗುತ್ತದೆ. ಸುಟ್ಟ ಕಪ್ಪು ಪದರ ಮಳೆಗೆ ಸವೆಯುತ್ತದೆ, ಸುತ್ತಲಿನ ಮರ ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗುತ್ತದೆ, ಕೊನೆಗೆ ಅಕ್ಷರ ಯಾವುದು ಹಿನ್ನೆಲೆ ಯಾವುದು ಎಂದೇ ತಿಳಿಯದು. ಮರವನ್ನು 2 ಮಿ.ಮೀ. ಆಳಕ್ಕೆ ಕೆತ್ತಿ, ಮಸಿಯನ್ನು ಬ್ರಷ್‌ನಿಂದ ಉಜ್ಜಿ ತೆಗೆದು, ಎನಾಮಲ್ ಬಣ್ಣ ತುಂಬಿ. ವಾರ್ನಿಷ್ ಅಂಚಿಗೂ ಹಿಂಬದಿಗೂ ಬೀಳಲಿ. ನೀರು ಒಳಹೋಗುವುದು ಅಲ್ಲಿಂದಲೇ.

ಗಾಜಿನಂಥ ಪ್ಲಾಸ್ಟಿಕ್ ಆದ ಅಕ್ರಿಲಿಕ್ ಆದರೆ ಕಾಸ್ಟ್, ಅಂದರೆ ಅಚ್ಚಿನಲ್ಲಿ ಎರಕ ಹೊಯ್ದ ಹಾಳೆಯನ್ನೇ ಕೇಳಿ ತನ್ನಿ. ಅದರಲ್ಲಿ ಕೆತ್ತಿದ ಜಾಗ ಬಿಳಿಯಾಗಿ ಮಬ್ಬಾಗುತ್ತದೆ. ಎಕ್ಸ್‌ಟ್ರೂಡೆಡ್, ಅಂದರೆ ಯಂತ್ರದಿಂದ ಒತ್ತಿ ಹೊರತೆಗೆದ ಹಾಳೆ ಕರಗಿ ಅಂಟಂಟಾಗುತ್ತದೆ, ಕೆತ್ತನೆ ಸರಿಯಾಗಿ ಕಾಣುವುದೂ ಇಲ್ಲ. ಪಾರದರ್ಶಕ ಹಾಳೆಗೆ ಹಿಂಬದಿ ಕೆತ್ತನೆಯೇ ಉತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂಬದಿ ನುಣುಪಾಗಿಯೇ ಉಳಿಯುವುದರಿಂದ ಅಕ್ಷರದ ಸಂದಿನಲ್ಲಿ ಧೂಳು, ಪಾಚಿ ಕೂರುವುದಿಲ್ಲ. ಬಣ್ಣಕ್ಕೆ ಹಾಳೆಯೇ ರಕ್ಷಣೆ.

ವಿನ್ಯಾಸವನ್ನು ಎಡಬಲ ತಿರುಗಿಸಿಕೊಳ್ಳಿ. ಹಿಂಬದಿಯಲ್ಲಿ ಪ್ಲಾಸ್ಟಿಕ್ ಫಿಲ್ಮ್ ಇದ್ದರೆ ಕಿತ್ತು ಕಾಗದದ ಮಾಸ್ಕಿಂಗ್ ಟೇಪ್ ಅಂಟಿಸಿ, ಇಲ್ಲವಾದರೆ ಫಿಲ್ಮ್ ಕರಗಿ ಅಕ್ಷರದ ಅಂಚಿಗೆ ಹತ್ತುತ್ತದೆ. ಆಳ 0.3ರಿಂದ 0.5 ಮಿ.ಮೀ., ಇಂಚಿಗೆ 300ರಿಂದ 500 ಗೆರೆ ಸಾಕು. ಗೆರೆ ಅದಕ್ಕಿಂತ ಒತ್ತಾದರೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಶಾಖ ಬಿದ್ದು ಹಾಳೆ ಬಾಗುತ್ತದೆ. ಟೇಪ್ ಇರುವಾಗಲೇ ಅಕ್ಷರದ ಬಣ್ಣವನ್ನು ತೆಳುವಾಗಿ ಎರಡು ಸಲ ಸಿಂಪಡಿಸಿ, ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪ್ ಬಿಡಿಸಿ. ಅದು ಒಣಗಿದ ಮೇಲೆ ಹಿನ್ನೆಲೆ ಬಣ್ಣ.

ಅಕ್ರಿಲಿಕ್‌ಗೆ ಸ್ಪಿರಿಟ್, ಥಿನ್ನರ್ ತಾಗಿಸಲೇಬೇಡಿ. ಲೇಸರ್‌ನ ಶಾಖದಿಂದ ಕೆತ್ತಿದ, ಕತ್ತರಿಸಿದ ಅಂಚುಗಳಲ್ಲಿ ಒತ್ತಡ ಉಳಿದಿರುತ್ತದೆ. ದ್ರಾವಕ ಸೋಕಿದೊಡನೆ ಅಲ್ಲಿ ಸಣ್ಣ ಬಿರುಕುಗಳ ಜಾಲ ಮೂಡುತ್ತದೆ. ಬಣ್ಣದಲ್ಲಿರುವ ಥಿನ್ನರ್‌ಗೂ ಇದೇ ಗುಣ, ಹಾಗಾಗಿ ಮೊದಲು ತುಣುಕಿನ ಮೇಲೆ ಹಚ್ಚಿ ನೋಡಿ. ಸೋಪು ನೀರಿನಿಂದ ಒರೆಸುವುದು ಸುರಕ್ಷಿತ. ಹಾಳೆಯನ್ನು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿ ನಿಧಾನವಾಗಿ ತಣಿಸಿದರೆ ಒತ್ತಡ ಇಳಿಯುತ್ತದೆ.

ಸ್ಕ್ರೂ ಬಿಗಿಯಾಗಿ ಹಾಕಿದರೂ ಹಾಳೆ ಒಡೆಯುವುದುಂಟು. ಉಷ್ಣಾಂಶ 40 ಡಿಗ್ರಿ ಏರಿದರೆ ಒಂದು ಮೀಟರ್ ಅಕ್ರಿಲಿಕ್ ಹತ್ತಿರ ಹತ್ತಿರ 3 ಮಿ.ಮೀ. ಹಿಗ್ಗುತ್ತದೆ. 5 ಮಿ.ಮೀ. ಸ್ಕ್ರೂಗೆ 8 ಮಿ.ಮೀ. ತೂತು ಕೊಟ್ಟು, ರಬ್ಬರ್ ವಾಷರ್ ಹಾಕಿ, ಬಿಗಿಯದೆ ಬಿಡಿ.

ಸ್ಟೇನ್‌ಲೆಸ್ ಸ್ಟೀಲ್‌ಗೆ ಫೈಬರ್ ಲೇಸರ್ ಬೇಕು. ಮರ, ಅಕ್ರಿಲಿಕ್‌ಗೆ ಬಳಸುವ ಕಾರ್ಬನ್ ಡೈಆಕ್ಸೈಡ್ ಲೇಸರ್‌ನ ಕಿರಣವನ್ನು ಬರಿ ಲೋಹ ಬಹುಪಾಲು ಹಿಂದಕ್ಕೇ ಎಸೆಯುತ್ತದೆ. ಫೈಬರ್‌ನ ಶಾಖಕ್ಕೆ ಉಕ್ಕಿನ ಕ್ರೋಮಿಯಂ ರಕ್ಷಾಪದರ ಕೆಡುವುದರಿಂದ ಅಕ್ಷರದೊಳಗೇ ತುಕ್ಕು ಶುರುವಾಗಬಹುದು. ಕೆತ್ತಿದ ಮೇಲೆ ಸಿಟ್ರಿಕ್ ಆಮ್ಲದಲ್ಲಿ ಪ್ಯಾಸಿವೇಶನ್, ಅಂದರೆ ಆ ರಕ್ಷಾಪದರ ಮತ್ತೆ ಕಟ್ಟುವಂತೆ ಮಾಡುವ ಸಂಸ್ಕರಣೆ, ಮಾಡಿಸಿ.

ಪಿವಿಸಿ ಹಾಳೆಯನ್ನು ಲೇಸರ್ ಕೆಳಗೆ ಇಡಲೇಬಾರದು. ಅದರಿಂದ ಹೊಮ್ಮುವ ಹೈಡ್ರೋಜನ್ ಕ್ಲೋರೈಡ್ ಶ್ವಾಸಕೋಶವನ್ನು ಸುಡುತ್ತದೆ, ಯಂತ್ರದ ಲೋಹಕ್ಕೆ ತುಕ್ಕು ಹಿಡಿಸುತ್ತದೆ. ಯಾವ ಹಾಳೆ ಎಂದು ಅನುಮಾನವಿದ್ದರೆ ಗಾಳಿಯಾಡುವ ಕಡೆ ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ, ಹಾಳೆಯ ಚೂರಿಗೆ ಒತ್ತಿ, ಮತ್ತೆ ಜ್ವಾಲೆಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆ, ಹಾಳೆಯನ್ನು ಬದಿಗಿಡಿ.